ಹಣ್ಣು ತಂದ ಚೆಲುವೆಯ ಕುತ್ತಿಗೆ

ಮೆಲ್ಲಗೆ... ಅವಳು ಪಕ್ಕದ ಕೋಣೆಯಲ್ಲೇ ಮಲಗಿದಾಳೆ. ಊಟದ ಹೊತ್ತಲ್ಲಿ ಅವಳನ್ನ ನೋಡಿ ನೀವಿಬ್ಬರೂ ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕಿರಲ್ಲ, ನನಗೆ ಮೈಯೆಲ್ಲ ಉರಿದುಹೋಯ್ತು. ಅಣ್ಣನ ಮಕ್ಕಳು ಅಂತ ಸುಮ್ಮನಿದ್ದೆ. ಈಗ ಹೇಳ್ತೀನಿ, ಕೇಳಿ. ಕೇಳಿ ಆದಮೇಲೆ ನಗು ಬಂದ್ರೆ ನಗಿ.

ಹನ್ನೆರಡು ವರ್ಷದ ಹಿಂದಿನ ಮಾತು. ರಾತ್ರಿ ಒಂಬತ್ತೂವರೆ ಇರಬೇಕು. ಅವಳು ಕೆಲಸ ಮುಗಿಸಿ ಮ್ಯೂಸಿಯಂ ಹಿಂಬಾಗಿಲಿಂದ ಮನೆಗೆ ನಡಕೊಂಡು ಬರ್ತಿದ್ಲು. ಅಲ್ಲೊಂದು ಕಾಲುದಾರಿ ಇದೆ. ಒಂದು ಕಡೆ ಎತ್ತರದ ಗೋಡೆ, ಇನ್ನೊಂದು ಕಡೆ ಖಾಲಿ ಜಾಗ. ನಡುವೆ ಒಂದು ಹಾಳು ಬಾವಿ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದಾರೆ. ದೀಪದ ಕಂಬ ಒಂದೇ. ಅದು ಬಾವಿಗಿಂತ ಮುಂಚೆ ಸಿಗುತ್ತೆ, ಹಾಗಾಗಿ ಬಾವಿ ಹತ್ತಿರ ಬರೋ ಹೊತ್ತಿಗೆ ನಮ್ಮ ನೆರಳು ನಮ್ಮ ಮುಂದೆ ಉದ್ದಕ್ಕೆ ಬಿದ್ದಿರುತ್ತೆ.

ಕಂಬ ದಾಟಿದ್ಲು. ಹಿಂದೆ ಹೆಜ್ಜೆ ಸಪ್ಪಳ ಕೇಳಿಸ್ತು.

ತಪ್... ಸರ್. ತಪ್... ಸರ್.

ಒಂದು ಕಾಲು ಪೂರ್ತಿ ನೆಲಕ್ಕೆ ಬೀಳ್ತಿದೆ. ಇನ್ನೊಂದು ಬರೀ ಬೆರಳ ತುದಿ ಎಳಕೊಂಡು ಬರ್ತಿದೆ. ಅದರ ಜೊತೆಗೆ ಇನ್ನೊಂದು ಶಬ್ದ. ಬಟ್ಟೆ ಗಂಟಿನೊಳಗೆ ಕಲ್ಲಿಗೆ ಕಲ್ಲು ತಾಗಿದ್ರೆ ಬರುತ್ತಲ್ಲ, ಹಾಗೆ... ಟಕ್. ಇವಳು ನಿಂತ್ಲು. ಹೆಜ್ಜೆ ನಿಂತಿತು. ಆಮೇಲೆ, ತಡವಾಗಿ, ಇನ್ನೊಂದೇ ಒಂದು ಟಕ್.

ಬೇರೆ ಯಾರಾದ್ರೂ ಆಗಿದ್ರೆ ಓಡಿಬಿಡ್ತಿದ್ರು. ಇವಳು ಓಡಲಿಲ್ಲ. ಚೀಲ ಅಲ್ಲಾಡಿಸಿ ನೋಡಿದ್ಲಂತೆ, ತನ್ನ ಬೀಗದ ಕೈಗಳೇ ಸದ್ದು ಮಾಡ್ತಿವೆಯಾ ಅಂತ. ಅವು ಛಿಣ್ ಅಂದವು. ಆ ಶಬ್ದ ಇದಲ್ಲ. ಮುಂದೆ ನೆಲದ ಮೇಲೆ ನೋಡಿದ್ಲು. ನೆರಳು ಒಂದೇ ಇತ್ತು, ಇವಳದು. ಆಮೇಲೆ ಓಡಿದ್ಲು.

ಇದು ಅವಳ ಸ್ವಭಾವ. ನನ್ನ ಚಿಕ್ಕಪ್ಪನ ಮಗಳು, ನನಗಿಂತ ಆರು ವರ್ಷ ಚಿಕ್ಕವಳು. ಮನೆಯಲ್ಲಿ ಎಲ್ಲರೂ ಅವಳನ್ನ ತಕರಾರು ಅಂತಲೇ ಕರೀತಿದ್ರು. ಗಡಿಯಾರ ಹತ್ತು ಹೊಡೆದ್ರೆ ಎರಡು ನಿಮಿಷ ಮುಂದಿದೆ ಅನ್ನೋಳು. ಹುಟ್ಟಿದಾಗ ತೊಟ್ಟಿಲು ಓರೆಯಾಗಿದೆ ಅಂತಲೇ ಅತ್ತಿರಬೇಕು ಅಂತ ನಮ್ಮಜ್ಜಿ ಹೇಳೋರು. ಅಂಥವಳಿಗೆ ಸಿಕ್ಕಿದ ಕೆಲಸ ನೋಡಿ, ಮ್ಯೂಸಿಯಮ್ಮಲ್ಲಿ ಹಳೇ ಶಿಲ್ಪಗಳ ಪಕ್ಕ ಪರಿಚಯದ ಫಲಕ ಇರುತ್ತಲ್ಲ, ಅದನ್ನ ಬರೆಯೋದು. ಇದು ಯಾರು, ಕೈಯಲ್ಲಿ ಏನಿದೆ, ಯಾಕೆ ಹಾಗೆ ನಿಂತಿದಾಳೆ... ಐದೇ ಸಾಲು. ಆ ಐದು ಸಾಲಿಗೆ ಇವಳು ಐದು ತಿಂಗಳು ಒದ್ದಾಡೋಳು. ಆಗ ಏಳು ವರ್ಷದಿಂದ ತಾತ್ಕಾಲಿಕ ಕೆಲಸ. ವರ್ಷದ ಕೊನೇ ತಿಂಗಳು ಬಂತು ಅಂದ್ರೆ ಮೇಜಿನ ಮೇಲಿನ ಪುಸ್ತಕವನ್ನೆಲ್ಲ ಪೆಟ್ಟಿಗೆಗೆ ತುಂಬಿಡೋಳು, ಮುಂದಿನ ವರ್ಷ ಇರ್ತೀನೋ ಇಲ್ವೋ ಅಂತ.

ಆ ವರ್ಷ ಮ್ಯೂಸಿಯಮ್ಮಿಗೆ ಹೊಸ ಹಜಾರ ಕಟ್ಟಿದ್ರು. ನಡುವೆ ನಿಲ್ಲಿಸೋಕೆ ಒಂದೇ ಶಿಲ್ಪ, ಅವರ ಹೆಸರುವಾಸಿ ಶಿಲ್ಪ. "ಹಣ್ಣು ತಂದ ಚೆಲುವೆ". ಆಳೆತ್ತರದ ಕಲ್ಲಿನ ಹೆಂಗಸು. ಮುಖ ನೆಟ್ಟಗೆ ನಮ್ಮ ಕಡೆಗೇ, ಸಣ್ಣ ನಗು. ಎರಡೂ ಕೈಯಲ್ಲಿ ಉಟ್ಟ ಬಟ್ಟೆಯ ಮುಂಭಾಗ ಎತ್ತಿ ಮಡಿಲು ಮಾಡ್ಕೊಂಡಿದಾಳೆ, ಅದರ ತುಂಬ ಗುಂಡುಗುಂಡಾಗಿ ಏನೋ. ಬಲಗಾಲಿನ ಹಿಮ್ಮಡಿ ನೆಲ ಬಿಟ್ಟು ಎದ್ದಿದೆ. ಈ ಶಿಲ್ಪ ಸಿಕ್ಕಿದ್ದು ಅದೇ ಹಾಳು ಬಾವಿಯಲ್ಲಿ. ಅದಕ್ಕೂ ಅರವತ್ತು ವರ್ಷ ಹಿಂದೆ ಹೂಳು ತೆಗೆಯೋವಾಗ ಮೊದಲು ತಲೆ ಸಿಕ್ತಂತೆ, ಮೂರು ದಿನ ಆದಮೇಲೆ ಮೈ. ಆಗಿನವರು ಕುತ್ತಿಗೆಯೊಳಗೆ ಕಬ್ಬಿಣದ ಸರಳು ಹಾಕಿ, ಗಾರೆ ಮೆತ್ತಿ, ತಲೆ ಕೂರಿಸಿದ್ರು.

ನಿರ್ದೇಶಕರು ಡಾಕ್ಟರೇಟ್ ಮಾಡಿದ್ದು ಈ ಚೆಲುವೆ ಮೇಲೇ. ಮಡಿಲಲ್ಲಿ ಇರೋದು ಯಾವ ಹಣ್ಣು ಅಂತ ಮುನ್ನೂರು ಪುಟ ಬರೆದಿದ್ರು. ನಾವು ಮನೆಯಲ್ಲಿ ಅವರನ್ನ ಹಣ್ಣಿನ ಡಾಕ್ಟರು ಅಂತಿದ್ವಿ. ಕೆಟ್ಟವರಲ್ಲ ಪಾಪ. ಹಳೇ ಫಲಕವನ್ನೇ ಚೆನ್ನಾಗಿ ತಿದ್ದಿ ಬರಿಯಮ್ಮ, ಸಾಕು, ಅಂದಿದ್ರು.

ತಿದ್ದಿ ಬರೆಯೋಳಾ ಇವಳು?

ಕಲ್ಲಿನ ಕೆತ್ತನೆ ನೋಡೋಕೆ ಅವರಲ್ಲೊಂದು ಕ್ರಮ ಇದೆ. ಹಗಲು ಬೆಳಕಲ್ಲಿ ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತೆ. ಸುತ್ತ ಕತ್ತಲೆ ಮಾಡಿ, ಒಂದು ಟಾರ್ಚನ್ನ ಕಲ್ಲಿಗೆ ಒರಗಿಸಿದ ಹಾಗೆ ಪಕ್ಕದಿಂದ ಹಿಡಿಯಬೇಕು. ಆಗ ಕೂದಲೆಳೆಯಷ್ಟು ಗೆರೆಗೂ ನೆರಳು ಬೀಳುತ್ತೆ. ಅದಕ್ಕೇ ಇವಳು ಬಾಗಿಲು ಹಾಕಿದ ಮೇಲೆ ಒಬ್ಬಳೇ ಕೂತಿರ್ತಿದ್ದದ್ದು. ಎರಡು ತಿಂಗಳು ಕೂತ್ಲು. ನೋಡಿದಷ್ಟೂ ಗೋಜಲು. ನಗು ನಗುವಲ್ಲ, ಮೇಲಿನ ಹಲ್ಲು ಕೆಳತುಟಿ ಕಚ್ಚಿದೆ. ಜಡೆ ತಲೆಯಿಂದ ಬೆನ್ನಿನ ನಡುವಿಗೆ ಇಳಿಯುತ್ತೆ, ಆದ್ರೆ ಬೆನ್ನ ಮೇಲಿನ ಜಡೆ ಶುರುವಾಗೋದು ಬಲ ಭುಜದ ಹತ್ತಿರ. ಎರಡಕ್ಕೂ ನಾಲ್ಕು ಬೆರಳು ಅಂತರ, ಮಧ್ಯೆ ಗಾರೆ. ಕುತ್ತಿಗೆಯ ಬಲಗಡೆ ಹಗ್ಗದ ಹಾಗೆ ಒಂದು ನರ ಎದ್ದಿದೆ, ನೆಟ್ಟಗೆ ನೋಡೋರಿಗೆ ಯಾಕೆ ಅದು ಎದ್ದಿರಬೇಕು?

ದಿನಾ ರಾತ್ರಿ ನನಗೆ ಫೋನು. ಅಕ್ಕ, ಜಡೆ ಕೂಡ್ತಿಲ್ಲ. ಅಕ್ಕ, ಹಿಮ್ಮಡಿ ಯಾಕೆ ಎದ್ದಿದೆ. ನನಗೆ ರೋಸಿಹೋಗಿತ್ತು. ಒಂದಿನ ಹೇಳ್ದೆ, ತಾಯೀ, ಜಡೆ ಕೂಡದಿದ್ರೆ ಕತ್ತರಿಸಿಬಿಡು, ನನ್ನ ಒಲೆ ಮೇಲೆ ಹಾಲಿದೆ ಅಂತ. ಫೋನು ಕುಕ್ಕಿದ್ಲು. ಮುಂದಿನ ಭಾನುವಾರ ನಮ್ಮನೆಗೇ ಬಂದ್ಲು.

ಈಗ ಕೇಳಿ, ಇದು ನನ್ನ ಮೈಮೇಲೇ ಆದದ್ದು. ಅಡುಗೆಮನೆಯಲ್ಲಿ ನನ್ನನ್ನ ನಿಲ್ಲಿಸಿ, ಮೈಗೆ ಬೆಡ್‌ಶೀಟು ಸುತ್ತಿ, ಮಡಿಲು ಮಾಡಿಸಿ, ಅದರೊಳಗೆ ಒಂದು ಸೇರು ಆಲೂಗೆಡ್ಡೆ ಸುರಿದ್ಲು. ಕಲ್ಲಿನ ಹೆಂಗಸು ಹೇಗೆ ನಿಂತಿದಾಳೋ ಹಾಗೆ ನಿಲ್ಲಬೇಕಂತೆ. ನಾನು ಬೈಕೊಂಡೇ ನಿಂತೆ. ಇವಳು ಮೊಣಕಾಲೂರಿ ಬಟ್ಟೆಯ ನೆರಿಗೆ ನೋಡ್ತಾಳೆ. ಇಲ್ಲ, ಅಂತಾಳೆ. ಆಲೂಗೆಡ್ಡೆಗೆ ನೆರಿಗೆ ಸಡಿಲವಾಗಿ ಜೋಲುತ್ತೆ, ಶಿಲ್ಪದಲ್ಲಿ ಬಿಗಿಯಾಗಿ ನೆಟ್ಟಗೆ ಎಳೆದಿದೆ. ತೆಗೆದ್ಲು. ಅಂಗಳದಲ್ಲಿ ನನ್ನ ಹೂಕುಂಡಗಳ ಸುತ್ತ ಜೋಡಿಸಿದ್ದ ಗುಂಡುಕಲ್ಲು ಇತ್ತಲ್ಲ, ಏಳು ಕಲ್ಲು ತಂದು ಮಡಿಲಿಗೆ ಹಾಕಿದ್ಲು. ನನ್ನ ಸೊಂಟ ಮುರಿಯೋ ಹಾಗಾಯ್ತು. ನೆರಿಗೆ ಶಿಲ್ಪದಲ್ಲಿರೋ ಹಾಗೇ ಬಿಗಿಯಾಗಿ ನೆಟ್ಟಗೆ ಎಳೆದು ನಿಂತಿತು.

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಕುಕ್ಕರು ಕೂಗಿತು. ನಾನು ಬೆಚ್ಚಿ, ನಿಂತಲ್ಲೇ ಎಡ ಭುಜದ ಮೇಲಿಂದ ಹಿಂದಕ್ಕೆ ತಿರುಗಿ ನೋಡಿದೆ.

"ಅಕ್ಕ... ಹಾಗೇ ಇರು. ಅಲ್ಲಾಡಬೇಡ."

ನನ್ನ ಬಲ ಹಿಮ್ಮಡಿ ನೆಲ ಬಿಟ್ಟು ಎದ್ದಿತ್ತು. ಜಡೆ ಬಲ ಭುಜಕ್ಕೆ ಸರಿದಿತ್ತು. ಅವಳು ಬೆರಳಿಟ್ಟು ತೋರಿಸಿದ್ಲು, ಕುತ್ತಿಗೆಯ ಬಲಗಡೆ ನರ ಹಗ್ಗದ ಹಾಗೆ ಎದ್ದಿತ್ತು. ಕುಕ್ಕರು ಕೂಗ್ತಾನೇ ಇತ್ತು, ಬೇಳೆ ಹತ್ತಿಹೋಯ್ತು, ನನ್ನನ್ನ ಅಲ್ಲಾಡೋಕೆ ಬಿಡಲಿಲ್ಲ. ನೆಲದ ಮೇಲೆ ಕೂತು ಅತ್ತುಬಿಟ್ಲು. ಅರವತ್ತು ವರ್ಷದಿಂದ ತಲೆಯನ್ನ ತಪ್ಪಾಗಿ ಕೂರಿಸಿದಾರೆ, ಅಕ್ಕ, ಅಂದ್ಲು. ಅವಳು ನಮ್ಮನ್ನ ನೋಡ್ತಿಲ್ಲ. ಮಡಿಲಲ್ಲಿ ಇರೋದು ಹಣ್ಣಲ್ಲ, ಕಲ್ಲು. ಯಾರಿಗೋ ಎಸೆಯೋಕೋ, ಕಟ್ಟಿಕೊಂಡು ನೀರಿಗಿಳಿಯೋಕೋ ಗೊತ್ತಿಲ್ಲ. ಯಾರೋ ಹಿಂದೆ ಬರ್ತಿದಾರೆ ಅಂತ ತಿರುಗಿ ನೋಡ್ತಿದ್ಲು. ಹೊಡೆಯೋಕೆ ಬರ್ತಿದಾರೋ, ಬಾ ಅಂತ ಕರೆಯೋಕೆ ಬರ್ತಿದಾರೋ... ಅದನ್ನ ನೋಡೋಕೆ ಆಗದ ಹಾಗೆ ಕುತ್ತಿಗೆಗೆ ಸರಳು ಜಡಿದಿಟ್ಟಿದಾರೆ.

ಕಲ್ಲು ಕೆಳಗಿಟ್ಟು, ಅವಳ ಪಕ್ಕ ಕೂತು ನಾನೂ ಕಣ್ಣೊರೆಸ್ಕೊಂಡೆ. ಸುಳ್ಳು ಯಾಕೆ ಹೇಳಲಿ.

ಸೋಮವಾರ ಇವಳು ನಿರ್ದೇಶಕರ ಹತ್ತಿರ ಹೋದ್ಲು. ತಲೆ ಬಿಚ್ಚಿ ಸರಿಯಾಗಿ ಕೂರಿಸಬೇಕು, ಫಲಕ ಬದಲಾಗಬೇಕು ಅಂದ್ಲು. ಅವರು ಟೀ ತರಿಸಿಕೊಟ್ಟು ಪೂರ್ತಿ ಕೇಳಿಸ್ಕೊಂಡ್ರಂತೆ. ಅವರ ಮೇಜಿನ ಮೇಲಿನ ಕಪ್ಪಿನ ಮೇಲೂ ಅದೇ ಚೆಲುವೆ, ಗೋಡೆ ಮೇಲಿನ ಪೋಸ್ಟರಿನಲ್ಲೂ ಅದೇ ಚೆಲುವೆ. ಕೇಳಿ ಮುಗಿಸಿ ಒಂದೇ ಮಾತು ಅಂದ್ರು.

"ಅರವತ್ತು ವರ್ಷದಿಂದ ನಗ್ತಾ ನಿಂತಿದಾಳೆ. ನಿನಗೇನಮ್ಮ ತೊಂದರೆ?"

ಆಮೇಲೆ ಎರಡು ಕಾಗದ ಮುಂದಿಟ್ರಂತೆ. ಒಂದು ಹಳೇ ಮಾತೇ ಇರೋ ಹೊಸ ಫಲಕದ ಕರಡು, ಕೆಳಗೆ ಇವಳ ಸಹಿ ಬೇಕು. ಇನ್ನೊಂದು ಇವಳನ್ನ ಕಾಯಂ ಮಾಡೋ ಪತ್ರ, ಅದಕ್ಕೆ ಅವರ ಸಹಿ ಬೇಕು. ಶುಕ್ರವಾರ ಉದ್ಘಾಟನೆ, ಎರಡೂ ಒಟ್ಟಿಗೇ ಮುಗಿಸಿಬಿಡೋಣ ಅಂದ್ರು. ಬೆದರಿಕೆಯ ಮಾತೇ ಇಲ್ಲ, ಎಷ್ಟು ನಯವಾಗಿ. ಅದಕ್ಕೇ ಇವಳಿಗೆ ಕಿರುಚಬೇಕು ಅನ್ನಿಸಿತಂತೆ.

ಆವತ್ತು ರಾತ್ರಿ ಮತ್ತೆ ಶಿಲ್ಪದ ಮುಂದೆ ಕೂತು ತಡವಾಗಿ ಹೊರಟಳು. ಕಂಬ ದಾಟಿದ್ಲು. ತಪ್... ಸರ್. ತಪ್... ಸರ್. ಟಕ್. ಈ ಸಲ ಸಪ್ಪಳ ನಿಲ್ಲಲಿಲ್ಲ. ಹತ್ತಿರ ಬಂತು. ಬಾವಿಯ ಪಕ್ಕ ಬರೋ ಹೊತ್ತಿಗೆ ಇವಳ ಬೆನ್ನಿಗೇ ಅಂಟಿದ ಹಾಗೆ ನಿಂತಿತು. ಉಸಿರಿನ ಬಿಸಿ ಇಲ್ಲ. ಹಳೇ ಗಾರೆಯ ವಾಸನೆ, ಅಷ್ಟೇ.

"ಹಿಂದೆ ಯಾರಾದ್ರೂ ಬರ್ತಿದಾರಾ?"

ಪಿಸುಮಾತು. ಕೆಳತುಟಿ ಕಚ್ಚಿಕೊಂಡು ಆಡಿದ ಮಾತಿನ ಹಾಗೆ. ಇವಳು ತಿರುಗಿ ನೋಡದೇನೇ "ಇಲ್ಲ" ಅಂದ್ಲು.

"ನೋಡಿ ಹೇಳು... ನನಗೆ ತಿರುಗೋಕಾಗಲ್ಲ."

ಜಗತ್ತಿನಲ್ಲಿ ಎಲ್ಲದನ್ನೂ ತಿರುಗಿಸಿ ಮುರುಗಿಸಿ ನೋಡೋಳು ನಮ್ಮ ತಕರಾರು. ಆ ಒಂದು ಸಲ ನೋಡಲಿಲ್ಲ. ಹೆದರಿಕೆ. ಕಣ್ಣು ಮುಚ್ಚಿ, "ಸರಿ ಮಾಡಿಸ್ತೀನಿ. ಶುಕ್ರವಾರದೊಳಗೆ ಸರಿ ಮಾಡಿಸ್ತೀನಿ" ಅಂದ್ಲಂತೆ. ಟಕ್ ಅಂತು. ಆಮೇಲೆ ಏನೂ ಇಲ್ಲ. ಕಣ್ಣು ಬಿಟ್ರೆ ಬಾವಿ, ಜಾಲರಿ, ಅವಳ ನೆರಳು.

ನೆಟ್ಟಗೆ ನಮ್ಮನೆಗೇ ಬಂದ್ಲು. ಬಾಗಿಲು ತೆಗೆದಾಗ ಅವಳ ಮುಖ ನೋಡಿದೀನಿ ನಾನು, ಅದಕ್ಕೇ ನಿಮ್ಮ ಹಾಗೆ ಹುಬ್ಬು ಹಾರಿಸೋಕಾಗಲ್ಲ ನನಗೆ. ಆದ್ರೆ ಆವತ್ತು ನಾನು ಏನು ಮಾಡಿದೆ? ಬೈದೆ. ಊಟ ಇಲ್ಲ, ನಿದ್ದೆ ಇಲ್ಲ, ಕತ್ತಲಲ್ಲಿ ಕಲ್ಲಿನ ಜೊತೆ ಕೂತ್ರೆ ಕಲ್ಲು ಮಾತಾಡದೆ ಇನ್ನೇನು ಮಾಡುತ್ತೆ ಅಂದೆ. ಮಂಗಳವಾರ, ಬುಧವಾರ ಇವಳು ಯಾರ್ಯಾರ ಬಾಗಿಲಿಗೋ ಅಲೆದ್ಲು. ತಲೆ ಬಿಚ್ಚೋಕೆ ಅನುಮತಿ ಬೇಕು ಅಂದ್ರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ, ಆ ಇನ್ನೊಬ್ಬರು ರಜೆ. ಸರಳು ತೆಗೆದ್ರೆ ಕುತ್ತಿಗೆ ಬಿರುಕು ಬಿಡುತ್ತೆ ಅಂತಾನೆ ಒಬ್ಬ. ಬಿರುಕು ಬಿಡಲ್ಲ, ಆದ್ರೆ ಬರೆದುಕೊಡಲ್ಲ ಅಂತಾನೆ ಇನ್ನೊಬ್ಬ. ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ. ಗುರುವಾರ ರಾತ್ರಿ ನಮ್ಮ ಅಡುಗೆಮನೆಯಲ್ಲಿ ಕೂತು ಆ ಎರಡು ಕಾಗದ ಮೇಜಿನ ಮೇಲಿಟ್ಟು ಸುಮ್ಮನೆ ನೋಡ್ತಿದ್ಲು.

ನನಗೂ ಸಾಕಾಗಿತ್ತು. ಏಳು ವರ್ಷದಿಂದ ಅವಳ ಪುಸ್ತಕ ಪೆಟ್ಟಿಗೆಗೆ ಹೋಗೋದು ಬರೋದು ನೋಡಿದೋಳು ನಾನು. ಹೇಳಿಬಿಟ್ಟೆ.

"ಸಹಿ ಹಾಕು. ಕಲ್ಲಿಗೇನು ಗೊತ್ತಾಗುತ್ತೆ?"

ಹೌದು, ನಾನೇ ಹೇಳಿದ್ದು. ಹಾಗೆ ನೋಡಬೇಡಿ ನನ್ನನ್ನ. ಹನ್ನೆರಡು ವರ್ಷದಿಂದ ನನ್ನನ್ನ ನಾನೇ ನೋಡ್ಕೊಂಡಿದ್ದು ಸಾಕು. ಅವಳು ನನ್ನ ಪೆನ್ನು ತಗೊಂಡೇ ಸಹಿ ಹಾಕಿದ್ಲು.

ಶುಕ್ರವಾರ ಉದ್ಘಾಟನೆ ಆಯ್ತು. ನಾನೂ ಹೋಗಿದ್ದೆ. ಭಾಷಣ, ಚಪ್ಪಾಳೆ, ಎಲ್ಲರೂ ಚೆಲುವೆ ಪಕ್ಕ ನಿಂತು ಫೋಟೋ ತೆಗೆಸ್ಕೊಂಡ್ರು. ಇವಳೊಬ್ಬಳು ಶಿಲ್ಪದ ಕಡೆ ಹೋಗಲಿಲ್ಲ. ಕೈಯಲ್ಲಿ ಕಾಯಂ ಪತ್ರ ಇತ್ತು. ಮುಗಿಯೋ ಹೊತ್ತಿಗೆ ಒಂಬತ್ತಾಗಿತ್ತು. ನಾನು ಚಪ್ಪಲಿ ಹುಡುಕ್ತಾ ಹಿಂದುಳಿದೆ, ಇವಳು ಕಾಲುದಾರಿಯಲ್ಲಿ ಮುಂದೆ ಹೋಗಿದ್ಲು.

ಕಂಬದ ಹತ್ತಿರ ಬಂದೆ ನಾನು. ಅವಳು ಬಾವಿ ದಾಟ್ತಿದ್ಲು. ಯಾವ ಸಪ್ಪಳವೂ ಇರಲಿಲ್ಲ, ಆಣೆ ಮಾಡಿ ಹೇಳ್ತೀನಿ, ಎಲೆ ಅಲ್ಲಾಡಿದ್ದೂ ಕೇಳಿಸ್ತಿರಲಿಲ್ಲ. ಸದ್ಯ, ಎಲ್ಲ ಮುಗೀತು ಅಂದ್ಕೊಂಡೆ. ನಿಲ್ಲೇ, ನಾನೂ ಬಂದೆ ಅಂತ ಹಿಂದಿನಿಂದ ಕೂಗಿದೆ.

ಅವಳು ನಿಂತ್ಲು. ತಿರುಗಲಿಲ್ಲ. ಬಲ ಹಿಮ್ಮಡಿ ಮೆಲ್ಲಗೆ ನೆಲ ಬಿಟ್ಟು ಎದ್ದಿತು. ಭುಜ ಸ್ವಲ್ಪ ಅಲುಗಿತು. ತಲೆ ಮಾತ್ರ ಅಲುಗಲಿಲ್ಲ. ನಾನು ಇನ್ನೊಂದು ಸಲ ಕರೆದೆ.

"ಅಕ್ಕ... ನೀನೇನಾ?" ಅಂದ್ಲು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ನನಗೆ ತಿರುಗೋಕಾಗ್ತಿಲ್ಲ."

ಓಡಿಹೋಗಿ ಹಿಡ್ಕೊಂಡೆ. ಕುತ್ತಿಗೆ ಮುಟ್ಟಿದ್ರೆ ಬೆಚ್ಚಗಿತ್ತು, ಎಲ್ಲರ ಕುತ್ತಿಗೆ ಹಾಗೇ. ನೋವಿಲ್ಲ, ಊತ ಇಲ್ಲ. ಎಡಕ್ಕೂ ತಿರುಗಲ್ಲ, ಬಲಕ್ಕೂ ತಿರುಗಲ್ಲ. ಮೂಳೆ ಡಾಕ್ಟರು, ನರದ ಡಾಕ್ಟರು, ಎಕ್ಸ್‌ರೇ, ಸ್ಕ್ಯಾನು... ಎಲ್ಲ ಆಯ್ತು. ಏನೂ ಇಲ್ಲಮ್ಮ, ತಿರುಗಬೇಕಲ್ಲ, ಅಂತಾರೆ. ತಿರುಗಬೇಕು ಅನ್ನೋದು ನಮಗೂ ಗೊತ್ತು. ಎಕ್ಸ್‌ರೇ ಎತ್ತಿ ಕಿಟಕಿ ಬೆಳಕಿಗೆ ಹಿಡಿದು ಅವಳೇ ಗಂಟೆಗಟ್ಟಲೆ ನೋಡೋಳು, ಸರಳು ಎಲ್ಲಿದೆ ಅಂತ. ಇರಲಿಲ್ಲ.

ಈಗ ಗೊತ್ತಾಯ್ತಾ, ನೀವು ಹಿಂದಿನಿಂದ ಸಣ್ಣತ್ತೆ ಅಂತ ಕರೆದಾಗ ಅವಳು ಯಾಕೆ ಬೀರು ತಿರುಗಿಸಿದ ಹಾಗೆ ಇಡೀ ಮೈ ತಿರುಗಿಸಿದ್ಲು ಅಂತ? ನಗೋಕೆ ಬಂತು ನಿಮಗೆ.

ಕೈ ಕಟ್ಟಿ ಕೂತಿಲ್ಲ ಅವಳು. ಆ ತಲೆ ಸರಿಯಾಗಿ ಕೂರಿಸಿ ಅಂತ ಇಲ್ಲಿವರೆಗೆ ಹತ್ತೊಂಬತ್ತು ಅರ್ಜಿ ಬರೆದಿದಾಳೆ. ಹಣ್ಣಿನ ಡಾಕ್ಟರು ನಿವೃತ್ತಿ ಆದ್ರು, ಆಮೇಲೆ ಬಂದವರೂ ಆದ್ರು. ಈಗಿನವರು ಪರವಾಗಿಲ್ಲ, ಅರ್ಜಿ ಪೂರ್ತಿ ಓದಿದ್ರಂತೆ. ಓದಿ, ಮೇಡಂ, ಈ ಫಲಕದ ಕರಡಿನ ಕೆಳಗೆ ನಿಮ್ಮದೇ ಸಹಿ ಇದೆಯಲ್ಲ, ಅಂದ್ರಂತೆ. ಇದಕ್ಕೆ ಏನು ಹೇಳ್ತೀರಿ? ನಮ್ಮ ಕೈಯಿಂದಲೇ ನಮ್ಮ ಬಾಯಿ ಮುಚ್ಚಿದ ಹಾಗಾಯ್ತು. ಶಿಲ್ಪ ಇನ್ನೂ ಅಲ್ಲೇ ನೆಟ್ಟಗೆ ನೋಡ್ಕೊಂಡು ನಿಂತಿದೆ.

ಸಂಜೆ ನಾವಿಬ್ಬರೂ ವಾಕಿಂಗ್ ಹೋಗ್ತೀವಲ್ಲ, ದಾರಿಯಲ್ಲಿ ಎರಡು ಮೂರು ಸಲ ನನ್ನ ತೋಳು ಹಿಡಿದು ಕೇಳ್ತಾಳೆ, ಅಕ್ಕ, ಹಿಂದೆ ಯಾರಾದ್ರೂ ಬರ್ತಿದಾರಾ ನೋಡಿ ಹೇಳು ಅಂತ. ನಾನು ಪ್ರತಿ ಸಲ ನಿಂತು, ಪೂರ್ತಿ ತಿರುಗಿ, ಚೆನ್ನಾಗಿ ನೋಡಿಯೇ ಹೇಳ್ತೀನಿ. ನೋಡದೆ ಇಲ್ಲ ಅನ್ನೋದು ಮಾತ್ರ ನನ್ನಿಂದಾಗಲ್ಲ. ಇಲ್ಲಿವರೆಗೆ ಯಾರೂ ಬಂದಿಲ್ಲ. ಹಾಗಂದಾಗ ಅವಳು ಕೆಳತುಟಿ ಕಚ್ಚಿಕೊಳ್ತಾಳೆ. ಅದು ಸಮಾಧಾನಕ್ಕೋ ಬೇಜಾರಿಗೋ ನನಗೆ ಇವತ್ತಿಗೂ ತಿಳಿದಿಲ್ಲ.

ಅತ್ತೆ ಕತೆ ಕಟ್ತಾಳೆ ಅಂತ ಕಣ್ಣಲ್ಲೇ ಮಾತಾಡ್ಕೊಳ್ತಿದೀರಿ. ಕಟ್ಟಿಲ್ಲ. ನನ್ನ ಅಡುಗೆಮನೆಯಲ್ಲಿ ಆದದ್ದು, ನನ್ನ ಪೆನ್ನಿಂದ ಆದದ್ದು. ಕುತ್ತಿಗೆ ಹಿಡ್ಕೊಂಡಿದೆ, ಯಾರಿಗಾದ್ರೂ ಹಿಡ್ಕೊಳ್ಳುತ್ತೆ ಅಂತೀರಾ, ಅನ್ನಿ. ನಂಬದಿದ್ರೆ ಟಾರ್ಚ್ ತಗೊಂಡು ಬಾಗಿಲ ಹತ್ತಿರ ಹೋಗಿ. ಅವಳ ಕಂದು ಚಪ್ಪಲಿ ಅಲ್ಲೇ ಇದೆ, ನಾಲ್ಕು ವರ್ಷದಿಂದ ದಿನಾ ಹಾಕೋದು. ಎಡಗಾಲಿನದು ಹಿಮ್ಮಡಿಯ ಹತ್ತಿರ ಸವೆದು ಕಾಗದದ ಹಾಗಾಗಿದೆ. ಬಲಗಾಲಿನದನ್ನ ತಿರುಗಿಸಿ ನೋಡಿ. ಹಿಮ್ಮಡಿಯ ಕೆಳಗೆ ಅಂಗಡಿಯವನು ಅಂಟಿಸಿದ ಅಳತೆ ಚೀಟಿ ಇನ್ನೂ ಹಾಗೇ ಇದೆ.